ಮಾಚಿಕಾಯಿ ಹಣ್ಣಲ್ಲ

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ಒಬ್ಬರ ವಿಷಯ ಇದು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದ ಒಂದು ಕಾಗದದಲ್ಲಿ ಆ ಹೆಸರನ್ನು ನನ್ನ ಕೈಯಾರೆ ಬರೆದಿದ್ದೇನೆ. ಮತ್ತೊಮ್ಮೆ ಬರೆಯಲು ಮನಸ್ಸು ಬರುತ್ತಿಲ್ಲ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಕಾಲೇಜಿನ ಹೆಸರೂ ಬೇಡ. ತೆಲಂಗಾಣದ ಜಹೀರಾಬಾದಿನಲ್ಲಿದೆ ಎಂದರೆ ಸಾಕು.

ನಾನು ಅಲ್ಲಿ ಲೆಕ್ಚರರ್ ಆಗಿ ಸೇರಿದ್ದು ಮದುವೆಯಾದ ವರ್ಷ. ತವರು ನಾರಾಯಣಖೇಡ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಮುಂದೆ ಹೈದರಾಬಾದಿನಲ್ಲಿ ಇಂಗ್ಲಿಷಿನಲ್ಲಿ ಎಂಎಸ್‌ಸಿ. ಸ್ಟಾಫ್ ರೂಮಿನಲ್ಲಿ ಎಲ್ಲರ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದೆ. ಒಂದು ಮಧ್ಯಾಹ್ನ ಲ್ಯಾಬಿನ ಕಿಟಕಿಯ ಹತ್ತಿರ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಹಿಂದೆ ಬಾಟಲಿ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. ನಾನು ಫೋನ್ ಇಟ್ಟ ಮೇಲೆ, “ನಮ್ಮ ಕಡಿಯವರೇನ್ರಿ ಮೇಡಂ? ಇಷ್ಟ್ ದಿನ ಹೇಳೇ ಇಲ್ಲಲ್ರಿ!” ಎಂದರು. ಅವರದು ನ್ಯಾಲ್ಕಲ್ ಕಡೆಯ ಒಂದು ಹಳ್ಳಿ. ಅಂದಿನಿಂದ ಆ ಲ್ಯಾಬಿನೊಳಗೆ ನಮ್ಮಿಬ್ಬರ ಮಾತು ಕನ್ನಡದಲ್ಲೇ ನಡೆಯಿತು.

ತೆಳ್ಳನೆಯ ಆಳು. ಬಿಳಿ ಪೈಜಾಮ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಬಣ್ಣದ ಕುಂಚ. ಬಲಗೈ ಬೆರಳಿನ ಉಗುರುಗಳು ಯಾವಾಗಲೂ ಕಪ್ಪು. ಯಾವ ಬಾಟಲಿಯನ್ನೂ ಒಂದೇ ಕೈಯಲ್ಲಿ ಎತ್ತುತ್ತಿರಲಿಲ್ಲ. ಖಾಲಿ ಬಾಟಲಿಯಾದರೂ ಸರಿ, ಕೆಳಗೊಂದು ಕೈ ಇರಲೇಬೇಕು. ಹುಡುಗರು ನಕ್ಕರೆ, “ನಗ್ರಪ್ಪಾ. ಒಡದ ಮ್ಯಾಲ ಅಳಾಂವ ನಾನು” ಎನ್ನುತ್ತಿದ್ದರು.

ಸಣ್ಣವರಿದ್ದಾಗ ಬೀದರ ಕಡೆ ಸೋದರತ್ತೆಯ ಊರಲ್ಲಿದ್ದು ನಾಲ್ಕನೆಯ ತರಗತಿವರೆಗೆ ಕನ್ನಡ ಓದಿದ್ದರು. ಆಮೇಲೆ ಜಹೀರಾಬಾದಿನ ಬಜಾರಿನಲ್ಲಿ ಒಬ್ಬ ಹಕೀಮರ ದವಾಖಾನೆಯಲ್ಲಿ ಬೇರು, ತೊಗಟೆ, ಬೀಜಗಳನ್ನು ಆರಿಸಿ ಕಟ್ಟುವ ಕೆಲಸ. ಉರ್ದು ಅಕ್ಷರ ಕಲಿಸಿದ್ದು ಆ ಹಕೀಮರು. ಹಕೀಮರು ತೀರಿಕೊಂಡ ಮೇಲೆ ಕಾಲೇಜಿಗೆ ಬಂದರು. ನನಗಿಂತ ಮೊದಲಿದ್ದ ಹಿರಿಯ ಲೆಕ್ಚರರ್ ಇವರಿಗೆ ಗಿಡಗಳ ವೈಜ್ಞಾನಿಕ ಹೆಸರುಗಳನ್ನು ಓದಲು, ಬರೆಯಲು ಕಲಿಸಿದರು. ಹಾಗಾಗಿ ಕಾಕಾಗೆ ಕನ್ನಡ ಬರುತ್ತಿತ್ತು, ಉರ್ದು ಬರುತ್ತಿತ್ತು, ಲ್ಯಾಟಿನ್ ಹೆಸರುಗಳು ಬರುತ್ತಿದ್ದವು. ದಿನವಿಡೀ ಮಾತಾಡುವ ತೆಲುಗನ್ನು ಮಾತ್ರ ಓದಲೂ ಬರುತ್ತಿರಲಿಲ್ಲ, ಬರೆಯಲೂ ಬರುತ್ತಿರಲಿಲ್ಲ.

ಒಮ್ಮೆ ನಾನು ಬೇವಿನ ಹೆಸರನ್ನು ಬೋರ್ಡಿನ ಮೇಲೆ ಬರೆದು, ‘ಅಝಾಡಿರಾಕ್ಟಾ ಇಂಡಿಕಾ’ ಎಂದು ಹುಡುಗರಿಂದ ಹೇಳಿಸುತ್ತಿದ್ದೆ. ಕ್ಲಾಸು ಮುಗಿದ ಮೇಲೆ ಕಾಕಾ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮೇಡಂ, ಅದು ಲ್ಯಾಟಿನ್ ಅಲ್ರಿ. ನಮ್ಮ ಹಕೀಮ್ ಸಾಬ್ರ ಮಾತದು. ಆಜಾದ್ ದರಖ್ತ್. ಆಜಾದ್ ಅಂದ್ರ ಸ್ವತಂತ್ರ, ದರಖ್ತ್ ಅಂದ್ರ ಗಿಡ. ಬೀಮಾರಿ ಇಲ್ಲದ ಗಿಡ ಅಂತ ಅವ್ರು ಹೇಳ್ತಿದ್ರು. ಹುಣಸಿದೂ ಹಂಗ. ತಮರ್-ಏ-ಹಿಂದ್, ಹಿಂದೂಸ್ತಾನದ ಖಜೂರ ಅಂತ. ಅದೇ ಟ್ಯಾಮರಿಂಡಸ್ ಆಗ್ಯಾದ.” ಐದು ವರ್ಷ ಸಸ್ಯಶಾಸ್ತ್ರ ಓದಿದ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮರುದಿನ ಕ್ಲಾಸಿನಲ್ಲಿ ಇದನ್ನೇ ಹೇಳಿದೆ. ಯಾರು ಹೇಳಿಕೊಟ್ಟರೆಂದು ಹೇಳಲಿಲ್ಲ. ಕಾಕಾ ಬಾಗಿಲಲ್ಲಿ ನಿಂತು ಕೇಳಿ, ಖುಷಿಯಿಂದ ತಲೆಯಾಡಿಸಿದರು. ಈಗ ನೆನೆದರೆ, ನನ್ನ ಮೊದಲ ಕಳ್ಳತನ ಅದೇ.

ಅವರ ಉಗುರು ಕಪ್ಪಾಗುತ್ತಿದ್ದುದು ಶಾಯಿಯಿಂದ. ಲ್ಯಾಬಿನ ಬಾಟಲಿಗಳಿಗೆಲ್ಲ ಚೀಟಿ ಬರೆಯುವ ಶಾಯಿಯನ್ನು ತಾವೇ ಮಾಡುತ್ತಿದ್ದರು. ಮಾಚಿಕಾಯಿ ಕುಟ್ಟಿ ನೀರಲ್ಲಿ ನೆನೆಹಾಕಿ, ಸೋಸಿ, ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಮತ್ತು ಗೋಂದು ಕೂಡಿಸಿದರೆ ಆಯಿತು. ಬರೆಯುವಾಗ ಮಾಸಲಾಗಿ ಕಾಣುವ ಅಕ್ಷರ ಮರುದಿನಕ್ಕೆ ಕಾಡಿಗೆಯ ಹಾಗೆ ಕಪ್ಪಾಗುತ್ತಿತ್ತು. ಗಿಡದ ಮಾದರಿ ಕೆಡದಂತೆ ಹಾಕಿಡುವ ಫಾರ್ಮಲಿನ್ನಿನೊಳಗೆ ಇಳಿಬಿಟ್ಟ ಚೀಟಿ ವರ್ಷಗಟ್ಟಲೆ ಮುಳುಗಿದ್ದರೂ ಅಕ್ಷರ ಹರಡುತ್ತಿರಲಿಲ್ಲ. ಅಂಗಡಿಯ ಶಾಯಿ ತರೋಣ ಎಂದರೆ, “ಅದು ನೀರಿನಾಗ ನಿಂದರಂಗಿಲ್ರಿ” ಎನ್ನುತ್ತಿದ್ದರು.

ಮಾಚಿಕಾಯಿ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಗೊತ್ತಿರುವ ವಸ್ತು. ಗೋಲಿಯಷ್ಟು ದೊಡ್ಡದು, ಗಟ್ಟಿ, ಮೈಮೇಲೆ ಸಣ್ಣ ಸಣ್ಣ ಗಂಟು. ಬಾಣಂತಿ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ತೇಯ್ದು ಕೂಸಿಗೆ ಘುಟ್ಟಿ ಹಾಕುತ್ತಾರೆ. ಲ್ಯಾಬಿನಲ್ಲೂ ಒಂದು ಬಾಟಲಿಯಲ್ಲಿ ಹತ್ತಿಪ್ಪತ್ತು ಮಾಚಿಕಾಯಿ ಇದ್ದವು. ಅದು ಬರುವುದು ಓಕ್ ಎಂಬ ಮರದಿಂದ. ನಮ್ಮ ಸೀಮೆಯಲ್ಲಿ ಆ ಮರ ಇಲ್ಲ. ನಾನೂ ನೋಡಿರಲಿಲ್ಲ, ಕಾಕಾನೂ ನೋಡಿರಲಿಲ್ಲ. ಬಾಟಲಿಯ ಮೇಲೆ ಕಾಕಾರ ಅಕ್ಷರದಲ್ಲಿ ‘ಕ್ವೆರ್ಕಸ್ ಇನ್ಫೆಕ್ಟೋರಿಯಾ’ ಎಂದೂ, ಕೆಳಗೆ ‘ಗಾಲ್’ ಎಂದೂ ಇತ್ತು. ಗಾಲ್ ಅಂದರೆ ಹುಳದ ಕಾಟಕ್ಕೆ ಗಿಡದ ಮೈಮೇಲೆ ಏಳುವ ಗಂಟು. ಮಾಚಿಕಾಯಿಗೆ ಆ ಪದ ತಪ್ಪಾಗಿ ಬಿದ್ದಿದೆ ಎಂದುಕೊಂಡಿದ್ದೆ ನಾನು.

ಎರಡನೆಯ ವರ್ಷ ನಾನು ಕಪಾಟುಗಳನ್ನು ಹೊಸದಾಗಿ ಜೋಡಿಸಲು ಹೊರಟೆ. ಹುಡುಗ ಹುಡುಗಿಯರು ಸುತ್ತ ನಿಂತಿದ್ದರು. ಆ ಬಾಟಲಿಯನ್ನು ಹಣ್ಣುಗಳ ಸಾಲಿಗೆ ಇಡಲು ಹೇಳಿದೆ. ಚೀಟಿಯನ್ನು ಬದಲಿಸಿ ‘ಹಣ್ಣು’ ಎಂದು ಬರೆಯಲು ಹೇಳಿದೆ.

“ಇದು ಹಣ್ಣಲ್ರಿ ಮೇಡಂ,” ಎಂದರು ಕಾಕಾ. “ಹುಳದ ಮನಿ. ಸಣ್ಣ ಕಣಜದಂಥ ಹುಳ ಗಿಡದ ಮೊಗ್ಗಿನಾಗ ತತ್ತಿ ಇಡ್ತದ. ಗಿಡ ಅದರ ಸುತ್ತ ಹಿಂಗ ಗಂಟು ಕಟ್ಟತದ. ಮರಿ ದೊಡ್ಡದಾಗಿ ತೂತು ಕೊರದು ಹೊರಗ ಹೋಗತದ. ಇಲ್ಲಿ ನೋಡ್ರಿ ತೂತು. ತೂತಿಲ್ದಿದ್ದು ತೂಕಕ್ಕ ವಜ್ಜ ಇರ್ತದ, ಹಸರ ಇರ್ತದ. ಅದಕ್ಕ ಕಿಮ್ಮತ್ತು ಜಾಸ್ತಿ. ಹಕೀಮ್ ಸಾಬ್ರು ನನ್ ಕೈಲಿ ಬ್ಯಾರೆ ಬ್ಯಾರೆ ಮಾಡಸ್ತಿದ್ರು.”

ಅವರು ಹೇಳಿದ್ದು ಅಕ್ಷರಶಃ ಸರಿ. ನನಗೆ ಗೊತ್ತಿರಲಿಲ್ಲ ಎನ್ನುವುದು ಅಷ್ಟು ದೊಡ್ಡ ತಪ್ಪಲ್ಲ. ಆದರೆ ಹುಡುಗರು ನನ್ನ ಮುಖ ನೋಡುತ್ತಿದ್ದರು.

“ಕಾಕಾ, ಹೆಸರಿನಾಗೇ ಕಾಯಿ ಅಂತ ಅದ. ಉರ್ದುದಾಗ ಮಾಜೂಫಲ್ ಅಂತೀರಿ, ಫಲ ಅಂದ್ರ ಏನು? ಓಕ್ ಮರದ ಹಣ್ಣು ಗುಂಡಗ ಇರ್ತದ, ಬುಕ್ಕಿನಾಗ ಓದೀನಿ. ಇನ್ಫೆಕ್ಟೋರಿಯಾ ಅಂದ್ರ ಇನ್ಫೆಕ್ಷನ್. ರೋಗಕ್ಕ ಔಷಧ, ಅದಕ್ಕ ಆ ಹೆಸರು,” ಎಂದೆ.

“ಹಳೇ ಸರ್ ಅಂತಿದ್ರು, ಆ ಮಾತಿಗೆ ಬಣ್ಣ ಹಾಕೂದು ಅಂತ ಅರ್ಥ ಅಂತ್ರಿ. ಬಟ್ಟಿಗೆ ಬಣ್ಣ…”

“ಬಾಟ್ಲಿ ತೊಳಿಯೋರು ಬಾಟ್ಲಿ ತೊಳೀರಿ ಕಾಕಾ. ಹೆಸರಿನ ಚಿಂತಿ ನನಗಿರಲಿ.”

ಹುಡುಗರು ನಕ್ಕರು. ಕಾಕಾ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹಳೆಯ ಚೀಟಿಯನ್ನು ನೀರು ಹಚ್ಚಿ ಕಿತ್ತರು. ಹೊಸ ಚೀಟಿಯ ಮೇಲೆ, ನಾನು ಹೇಳಿದಂತೆ, ತಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಹಣ್ಣು’ ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿದರು.

ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಹೈದರಾಬಾದಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದರು. ಗುರುತಿಸಲು ಮೇಜಿನ ಮೇಲೆ ಇಟ್ಟ ವಸ್ತುಗಳಲ್ಲಿ ಮಾಚಿಕಾಯಿಯೂ ಇತ್ತು. ಅಷ್ಟೂ ಮಕ್ಕಳು ‘ಹಣ್ಣು’ ಎಂದೇ ಬರೆದಿದ್ದರು. ಪರೀಕ್ಷಕರು ಆ ಪ್ರಶ್ನೆಗೆ ಎಲ್ಲರಿಗೂ ಸೊನ್ನೆ ಕೊಟ್ಟರು. ಹೋಗುವಾಗ, ಲ್ಯಾಬಿನ ಚೀಟಿಗಳೇ ತಪ್ಪಾಗಿವೆ ಎಂದು ವರದಿಯಲ್ಲಿ ಬರೆದುಹೋದರು. ಮಕ್ಕಳ ಮನೆಯವರು ಬಂದು ಗಲಾಟೆ ಮಾಡಿದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

ನನ್ನ ನೌಕರಿ ಕಾಂಟ್ರ್ಯಾಕ್ಟಿನದು. ಪ್ರತಿ ಜೂನಿನಲ್ಲಿ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯಬೇಕಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ಕೋಣೆಗೆ ಹೋಗುವಾಗ ತಲೆಯಲ್ಲಿ ಇದ್ದದ್ದು ಇದೊಂದೇ.

“ಚೀಟಿಗಳನ್ನು ಬರೆಯುವವರು ಅಟೆಂಡರ್, ಸರ್. ಅದು ಅವರದೇ ಕೈಬರಹ,” ಎಂದೆ ತೆಲುಗಿನಲ್ಲಿ.

ಹೇಳಿದ ಪ್ರತಿ ಮಾತೂ ನಿಜವೇ ಆಗಿತ್ತು.

ಕಾಕಾರನ್ನು ಕರೆಸಿದರು. ಬಾಟಲಿ ಮೇಜಿನ ಮೇಲಿತ್ತು. “ಇದು ನೀನು ಬರೆದದ್ದೇನು?” ಎಂದು ಪ್ರಿನ್ಸಿಪಾಲರು ಕೇಳಿದರು. ಕಾಕಾ ಮೊದಲು ಬಾಟಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

“ಹೌದು ಸಾರ್, ಅಕ್ಷರ ನನ್ನದೇ,” ಎಂದರು.

ಮಕ್ಕಳನ್ನು ಯಾರೂ ವಿಚಾರಿಸಲಿಲ್ಲ. ಕಾಕಾ ಲಿಖಿತ ಉತ್ತರ ಕೊಡಬೇಕೆಂದು ಆದೇಶವಾಯಿತು. ಮರುದಿನ ಬೆಳಿಗ್ಗೆ ಕಾಕಾ ಲ್ಯಾಬಿಗೆ ಬಂದರು. ಕೈಯಲ್ಲಿ ಬಿಳಿ ಹಾಳೆ.

“ಮೇಡಂ, ಆಫೀಸಿನವರು ಜವಾಬ್ ಬರದ್ ಕೊಡು ಅಂತಾರ. ತೆಲುಗಿನಾಗ ಬರೀಬೇಕಂತ. ನಂಗ ಬರಿಯಾಕ ಬರಂಗಿಲ್ಲ. ನೀವೇ ಜರಾ ಬರದ್ ಕೊಡ್ರಿ.”

“ಏನಂತ ಬರೀಲಿ ಕಾಕಾ?”

“ಏನ್ ಆಗ್ಯಾದೋ ಅದನ್ನೇ ಬರೀರಿ.”

ನಾನು ಬರೆದೆ. ‘ಲೆಕ್ಚರರ್ ಅವರನ್ನು ಕೇಳದೆ, ನನ್ನ ಅಜ್ಞಾನದಿಂದ, ತಪ್ಪು ಚೀಟಿ ಬರೆದು ಅಂಟಿಸಿದ್ದೇನೆ. ಇದಕ್ಕೆ ನಾನೊಬ್ಬನೇ ಹೊಣೆ. ಕ್ಷಮಿಸಬೇಕಾಗಿ ಬೇಡಿಕೊಳ್ಳುತ್ತೇನೆ.’ ಮೇಲೆ ಅವರ ಹೆಸರು ಬರೆದೆ. ನನ್ನ ಕೈ ನಡುಗಲಿಲ್ಲ. ನಡುಗಿದ್ದರೆ ಇವತ್ತು ಅಷ್ಟಾದರೂ ಹೇಳಿಕೊಳ್ಳಬಹುದಿತ್ತು.

“ಓದಿ ಹೇಳ್ರಿ,” ಎಂದರು.

“ಚೀಟ್ಯಾಗ ತಪ್ಪಾಗ್ಯಾದ, ಮುಂದ ಹಿಂಗ ಆಗಂಗಿಲ್ಲ ಅಂತ ಬರದೀನಿ.”

“ಯಾರ ತಪ್ಪು ಅಂತ ಬರದೀರಿ?”

“ಯಾರದಂತ ಬರದಿಲ್ಲ ಕಾಕಾ. ಸುಮ್ಮನ ತಪ್ಪಾಗ್ಯಾದ ಅಂತ.”

ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. ಆಮೇಲೆ ಕೆಳಗೆ ಕನ್ನಡದಲ್ಲಿ ಸಹಿ ಮಾಡಿದರು. “ನಂಗೂ ಒಂದು ಜೆರಾಕ್ಸ್ ಇರಲಿ ತಗೋರಿ” ಎಂದು ಹಾಳೆ ಹಿಡಿದು ಹೊರಟರು.

ಅವರನ್ನು ಲ್ಯಾಬಿನಿಂದ ತೆಗೆದು ಗೇಟಿಗೆ ಹಾಕಿದರು. ಗೇಟು ತೆಗೆಯುವುದು, ಗಂಟೆ ಹೊಡೆಯುವುದು, ಸೈಕಲ್ಲು ಸ್ಕೂಟರು ಸಾಲಾಗಿ ನಿಲ್ಲಿಸುವುದು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇತ್ತು. ಆ ನಾಲ್ಕು ವರ್ಷವೂ ಅಲ್ಲೇ ಕಳೆಯಿತು. ಲ್ಯಾಬಿಗೆ ಬಂದ ಹೊಸಬ ಸ್ಕೆಚ್ ಪೆನ್ನಿನಲ್ಲಿ ಚೀಟಿ ಬರೆದ. ಎರಡೇ ತಿಂಗಳಲ್ಲಿ ಫಾರ್ಮಲಿನ್ನಿನಲ್ಲಿ ಬಣ್ಣ ಕದಡಿ, ಯಾವ ಬಾಟಲಿಯಲ್ಲಿ ಏನಿದೆಯೆಂದು ಗೊತ್ತಾಗದ ಹಾಗಾಯಿತು.

ಬೆಳಿಗ್ಗೆ ಗೇಟು ದಾಟುವಾಗ ಕಾಕಾ ಎದ್ದು ನಿಲ್ಲುತ್ತಿದ್ದರು. “ನಮಸ್ತೆ ಮೇಡಂ. ಫರ್ನಿನ ಬಾಟ್ಲಿಗೆ ಫಾರ್ಮಲಿನ್ ಹಾಕ್ಯಾರೇನ್ರಿ? ಬ್ಯಾಸಗ್ಯಾಗ ಭಾಳ ಇಳೀತದ ಅದು” ಎಂದು ಕೇಳುತ್ತಿದ್ದರು. ಹಾಕಿರುತ್ತಿರಲಿಲ್ಲ. ಹಾಕಿದ್ದಾರೆ ಎನ್ನುತ್ತಿದ್ದೆ. ಕ್ರಮೇಣ ಗೇಟಿನ ಹತ್ತಿರ ಬರುವಾಗ ಫೋನನ್ನು ಕಿವಿಗೆ ಹಚ್ಚಿಕೊಂಡು, ಯಾರ ಜೊತೆಯೋ ಮಾತಾಡುವಂತೆ ನಟಿಸುತ್ತ ಒಳಗೆ ಹೋಗಲು ಕಲಿತೆ. ಮುಂದಿನ ವರ್ಷ ಕ್ಲಾಸಿನಲ್ಲಿ, “ಮಾಚಿಕಾಯಿ ಹಣ್ಣಲ್ಲ, ಹುಳದ ಮನೆ” ಎಂದು ಪಾಠ ಮಾಡಿದೆ, ಮೊದಲಿಂದಲೂ ಗೊತ್ತಿದ್ದವಳ ಹಾಗೆ. ತೂತಿರುವುದನ್ನೂ ತೂತಿಲ್ಲದ್ದನ್ನೂ ಬೇರೆ ಬೇರೆ ಮಾಡಿ ತೋರಿಸಿದೆ. ಕಾಂಟ್ರ್ಯಾಕ್ಟ್ ಮುಂದುವರಿಯುತ್ತ ಹೋಯಿತು.

ನನಗೆ ಮಗಳು ಹುಟ್ಟಿದಾಗ ಕಾಕಾ ಮನೆ ಹುಡುಕಿಕೊಂಡು ಬಂದರು. ಒಂದು ಸಣ್ಣ ಬಟ್ಟೆಯ ಗಂಟನ್ನು ನಮ್ಮ ಅತ್ತೆಯ ಕೈಗಿಟ್ಟು, “ಘುಟ್ಟಿಗೆ ಮಾಚಿಕಾಯಿ ತಂದೀನ್ರಿ. ಬಜಾರಿನಾಗ ಈಗ ಬರೇ ತೂತಿನವೇ ಸಿಗ್ತಾವ. ಇವು ನಾನೇ ಕುಂತು ಆರಿಸೀನಿ” ಎಂದರು. ನಾನು ಒಳಕೋಣೆಯಲ್ಲಿ ಮಂಚದ ಮೇಲಿದ್ದೆ. ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಒಳಗೆ ಕರೆಯಲಿಲ್ಲ. ಕಣ್ಣು ಮುಚ್ಚಿಕೊಂಡೆ. ಅತ್ತೆ ಬಂದು ನೋಡಿ, “ಮಲಗ್ಯಾಳ್ರಿ” ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು.

ಮಗಳಿಗೆ ಎರಡು ವರ್ಷವಾದಾಗ ಮನೆಯವರೆಲ್ಲ ನೈನಿತಾಲಿಗೆ ಹೋದೆವು. ಅಲ್ಲಿ ಗುಡ್ಡದ ತುಂಬ ಓಕ್ ಮರಗಳು. ನಮ್ಮ ಮಾಚಿಕಾಯಿಯ ಮರವಲ್ಲ, ಅದರ ಸಂಬಂಧದ ಬೇರೆ ಜಾತಿ, ಕ್ವೆರ್ಕಸ್ ಲ್ಯೂಕೊಟ್ರೈಕೊಫೋರಾ. ಎಲೆಯ ಹಿಂಬದಿ ಬೆಳ್ಳಗೆ. ಮರದ ಕೆಳಗೆ ನಿಜವಾದ ಓಕ್ ಹಣ್ಣುಗಳು ಬಿದ್ದಿದ್ದವು. ಉದ್ದನೆಯ ಕಾಯಿ, ತಲೆಗೊಂದು ಟೋಪಿ. ಮಾಚಿಕಾಯಿಗೂ ಅದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ. ಕಾಕಾಗೆ ತೋರಿಸಬೇಕೆಂದು ಒಂದನ್ನು ಪರ್ಸಿನಲ್ಲಿ ಹಾಕಿಕೊಂಡೆ. ವಾಪಸು ಬಂದು ಗೇಟಿನ ಹತ್ತಿರ ಎಷ್ಟೋ ದಿನ ಪರ್ಸಿಗೆ ಕೈಹಾಕಿದ್ದೇನೆ. ಕೊಟ್ಟರೆ ಅದರ ಜೊತೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತಿತ್ತು. ಕೊಡಲಿಲ್ಲ. ಅದು ಪರ್ಸಿನಲ್ಲೇ ಪುಡಿಯಾಯಿತು.

ಅವರ ಬೀಳ್ಕೊಡುಗೆಯ ದಿನ ಹಾಲಿನಲ್ಲಿ ಎಲ್ಲರೂ ಸೇರಿದ್ದೆವು. ಪ್ರಿನ್ಸಿಪಾಲರು ಬದಲಾಗಿದ್ದರು. ಹಳೆಯ ಸಂಗತಿ ಯಾರಿಗೂ ನೆನಪಿರಲಿಲ್ಲ. ಶಾಲು ಹೊದಿಸಿದ ಮೇಲೆ ಯಾರೋ ತಮಾಷೆಗೆ, “ಕಾಕಾ, ಲ್ಯಾಬಿನ ಗಿಡಗಳ ಹೆಸರು ಇನ್ನೂ ನೆನಪಿವೆಯಾ?” ಎಂದು ಕೂಗಿದರು. ಕಾಕಾ ಮೈಕಿನ ಮುಂದೆ ನಿಂತು, ಕೈಕಟ್ಟಿಕೊಂಡು, ಹೇಳುತ್ತ ಹೋದರು. ಬೇವು, ಹುಣಸೆ, ಆಲ, ಅತ್ತಿ, ತಂಗಡಿ, ಎಕ್ಕೆ. ಒಂದಾದ ಮೇಲೊಂದು ಲ್ಯಾಟಿನ್ ಹೆಸರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಕೊನೆಗೆ, “ಕ್ವೆರ್ಕಸ್ ಇನ್ಫೆಕ್ಟೋರಿಯಾ” ಎಂದು ನಿಲ್ಲಿಸಿದರು. ನನ್ನ ಕಡೆ ತಿರುಗಿದರು.

“ಅದರ ಮುಂದಿಂದು ಮೇಡಂ ಹೇಳ್ತಾರ. ಹೇಳ್ರಿ ಮೇಡಂ, ಅದು ಏನು?”

ಎಲ್ಲರೂ ನನ್ನತ್ತ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಪಾಠ ಒಪ್ಪಿಸುವ ಮಗುವಿಗಾಗಿ ಕಾಯುವ ಮೇಷ್ಟರ ಹಾಗೆ ಕಾಯುತ್ತಿದ್ದರು. ಎದ್ದು ನಿಂತೆ. “ಕಾಕಾಗೆ ಗೊತ್ತಿಲ್ಲದ್ದು ನಮಗೇನು ಗೊತ್ತು!” ಎಂದು ತೆಲುಗಿನಲ್ಲಿ ಹೇಳಿ ನಕ್ಕು ಕುಳಿತುಬಿಟ್ಟೆ. ಹಾಲೆಲ್ಲ ನಕ್ಕಿತು. ಕಾಕಾ ಮೈಕಿಗೆ ಕೈಮುಗಿದು ಕೆಳಗಿಳಿದರು.

ಅದಾಗಿ ಮೂರು ವರ್ಷಕ್ಕೆ, ಹೋದ ತಿಂಗಳು, ಅವರು ತೀರಿಕೊಂಡ ಸುದ್ದಿಯನ್ನು ಆಫೀಸಿನ ಕ್ಲರ್ಕ್ ಹೇಳಿದರು. ಐದನೆಯ ದಿನ ಆಟೋದಲ್ಲಿ ಅವರ ಹಳ್ಳಿಗೆ ಹೋದೆ. ಮನೆಯ ಮುಂದೆ ಚಾಪೆ ಹಾಸಿ ಹತ್ತಾರು ಜನ ಕುಳಿತಿದ್ದರು. ಅವರ ಒಬ್ಬಳೇ ಮಗಳು ಬಂದು ಒಳಗೆ ಕರೆದುಕೊಂಡು ಹೋದಳು. ಊರಿನ ಅಂಗನವಾಡಿಯಲ್ಲಿ ಟೀಚರು. ತೆಲುಗು ಮೀಡಿಯಂನಲ್ಲಿ ಓದಿದವಳು.

ನೀರು ಕೊಟ್ಟು, ಗೂಡಿನಲ್ಲಿದ್ದ ಅಪ್ಪನ ಕಾಗದಗಳ ಕಟ್ಟನ್ನು ತೆಗೆದಳು. ಪೆನ್ಶನ್ ಕೆಲಸಕ್ಕೆ ಯಾವ ಕಾಗದ ಬೇಕಾಗುತ್ತದೆ ನೋಡಿ ಹೇಳಿ ಎಂದಳು. ನೋಡುತ್ತ ಹೋದೆ. ನಡುವೆ ನನ್ನ ಅಕ್ಷರ ಕಾಣಿಸಿತು. ಆ ಜೆರಾಕ್ಸ್.

“ಅದನ್ನ ನಾನೇ ಓದಿ ಹೇಳಿದ್ದೆರಿ,” ಎಂದಳು ಅವಳು. “ತಂದ ದಿನಾನೇ, ಸಂಜಿಮುಂದ. ಏನ್ ಬರದಾರ ಓದು ಅಂದ ಅಪ್ಪ. ಓದಿದೆ. ಇನ್ನೊಮ್ಮೆ ಓದು ಅಂದ. ಓದಿದೆ. ಆಮ್ಯಾಲ ಅದನ್ನ ಮಡಚಿ ಇಟ್ಟ.”

ಹಾಗಾದರೆ ಮಾಚಿಕಾಯಿಯ ಗಂಟು ಹಿಡಿದು ನಮ್ಮ ಮನೆಗೆ ಬಂದಾಗಲೂ ಅವರಿಗೆ ಗೊತ್ತಿತ್ತು. ಮೈಕಿನ ಮುಂದೆ ನಿಂತು ನನ್ನನ್ನು ಕೇಳಿದಾಗಲೂ ಗೊತ್ತಿತ್ತು.

“ಕಾಕಾ ಏನಂದ್ರು?” ಎಂದೆ.

“ಬರದವರು ಯಾರಂತ ಕೇಳಿದ್ರ ಹೇಳ್ಲಿಲ್ರಿ. ನಾನೇ ಬೈದೆ. ನಾಕನೇ ಕ್ಲಾಸು ಓದಿ ದೊಡ್ಡ ದೊಡ್ಡ ಹೆಸರು ಯಾಕ ಬರಿಯಾಕ ಹೋದಿ, ಗೊತ್ತಿಲ್ಲಂದ್ರ ಸುಮ್ಮನಿರಬಾರ್ದಾ, ಮಕ್ಕಳ ಮಾರ್ಕ್ಸ್ ಹೋದವು ಅಂತ. ಹುಳದ ಮನಿ, ಹುಳದ ಮನಿ ಅಂತಿದ್ದ. ಸಾಯೋತನಾ ಅದೇ ಮಾತು. ನಾವ್ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.” ಅವಳು ನನ್ನ ಮುಖ ನೋಡಿದಳು. “ನೀವು ಓದಿದೋರು ಇದೀರಿ. ಹೇಳ್ರಿ ಮೇಡಂ, ನಮ್ಮಪ್ಪ ಹೇಳಿದ್ದು ಖರೇನಾ, ಸುಳ್ಳಾ?”

“ಖರೆ,” ಎಂದೆ. “ಅವರು ಹೇಳಿದ್ದೇ ಖರೆ. ತಪ್ಪು ಚೀಟಿ ಬರಿ ಅಂತ ಹೇಳಿದವಳು ನಾನು. ಈ ಕಾಗದ ಬರದವಳೂ ನಾನೇ.”

ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಎದ್ದಳು. “ಹೊರಗ ಬರ್ರಿ,” ಎಂದಳು.

ಹೊರಗೆ ಕಂಬಕ್ಕೆ ಒರಗಿ ಅವಳ ತಾಯಿ ಕುಳಿತಿದ್ದರು. ಚಾಪೆಯ ಮೇಲಿನ ಜನ ಮಾತು ನಿಲ್ಲಿಸಿದರು. “ಅವ್ವಾಗ ಹೇಳ್ರಿ,” ಎಂದಳು ಮಗಳು.

ನಾನು ಅವರ ಎದುರು ಕುಳಿತು ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

“ಅವ್ವಾಗ ಕಿವಿ ಕೇಳಸಂಗಿಲ್ರಿ. ಜೋರಾಗಿ ಹೇಳ್ರಿ.”

“ತಪ್ಪು ನಂದು,” ಎಂದೆ ಜೋರಾಗಿ.

“ಇನ್ನಾ ಜೋರಾಗಿ.”

“ತಪ್ಪು ನಂದ್ರೀ! ಕಾಕಾಂದಲ್ಲ! ಅವರು ಸರಿಯಾಗೇ ಹೇಳಿದ್ರು! ನಾನೇ ಸುಳ್ಳು ಹೇಳಿ ಅವರನ್ನ ಲ್ಯಾಬಿನಿಂದ ತೆಗಿಸಿದೆ!”

ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಆ ಓಣಿಯಲ್ಲಿ ಕೇಳಿಸದವರು ಯಾರೂ ಉಳಿಯಲಿಲ್ಲ. ಮುದುಕಿಗೆ ಈಗ ಕೇಳಿಸಿತ್ತು. ಅವರ ಮುಖ ಸ್ವಲ್ಪ ಅರಳಿತು. ನನ್ನ ಮುಂಗೈ ಹಿಡಿದುಕೊಂಡರು.

“ಹಂಗಾರ ಅವರನ್ನ ತಿರುಗಿ ಲ್ಯಾಬಿನೊಳಗ ತಗೋತಾರೇನವ್ವಾ?” ಎಂದು ಕೇಳಿದರು.

ಇಲ್ಲ ಎಂದೆ. ಅದನ್ನೂ ಜೋರಾಗಿಯೇ ಹೇಳಬೇಕಾಯಿತು.